ಪಾಲಿಸಿ ತಗೊಂಡ ದಿನ, ವಿಮಾನ ಹತ್ತುವ ದಿನ, ನಡುವೆ ಅಪ್ಪನ ಸ್ಟೆಂಟ್

2025ರ ಮಾರ್ಚ್ 23, ಭಾನುವಾರ. ಅಪ್ಪ ಎಂದಿನಂತೆ ಬೆಳಿಗ್ಗೆ ಆರಕ್ಕೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೋಗಿದ್ದರು. ನಂದಿಯ ಹತ್ತಿರ ಬರುವಾಗ ಎದೆ ಬಿಗಿದ ಹಾಗಾಯಿತು. ಐದು ನಿಮಿಷ ಕೂತರು, ಸರಿಹೋಯಿತು. ಮನೆಗೆ ಬಂದು ಕಾಫಿ ಕುಡಿದರು. ಯಾರಿಗೂ ಹೇಳಲಿಲ್ಲ. ಬಾಯಿಬಿಟ್ಟಿದ್ದು ಮಂಗಳವಾರ ರಾತ್ರಿ, ಅದೂ ಮಾತಿನ ಮಧ್ಯೆ, ಸಾರು ಬಡಿಸಿಕೊಳ್ಳುತ್ತಾ.

ಆ ಹೊತ್ತಿಗೆ ನಮ್ಮ ಮನೆಯಲ್ಲಿ ಎಲ್ಲ ತಯಾರಾಗಿತ್ತು. ತಮ್ಮ ಮ್ಯೂನಿಕ್‌ನಲ್ಲಿದ್ದಾನೆ. ಅಪ್ಪ, ಅಮ್ಮ, ನಾನು, ನಮ್ಮವರು, ಒಂಬತ್ತು ವರ್ಷದ ಮಗಳು, ಐದೂ ಜನ ಮೇ 2ಕ್ಕೆ ಹೊರಡುವುದು. ಅವನ ಮನೆಯಲ್ಲಿ ಇದ್ದುಕೊಂಡು ಆಸ್ಟ್ರಿಯಾ ನೋಡಿ ಬರುವುದು ಎಂದು ಜನವರಿಯಲ್ಲೇ ಟಿಕೆಟ್ ಮಾಡಿದ್ದೆವು. ವೀಸಾ ಮಾರ್ಚ್ ಮಧ್ಯದಲ್ಲಿ ಬಂದಿತ್ತು. ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಇರಲೇಬೇಕು, ಅಲ್ಲಿ ಇರುವಷ್ಟೂ ದಿನಕ್ಕೆ. ಅದಕ್ಕಾಗಿ ಫೆಬ್ರವರಿ 14ರಂದು ಆನ್‌ಲೈನ್‌ನಲ್ಲಿ ಪಾಲಿಸಿ ತಗೊಂಡಿದ್ದೆ. ತಲಾ 50,000 ಡಾಲರ್ ರಕ್ಷಣೆ. ಅಪ್ಪನದ್ದಕ್ಕೆ ಪ್ರೀಮಿಯಂ 3,860 ರೂಪಾಯಿ. ಅಪ್ಪನಿಗೆ 67 ವರ್ಷ, ಎಂಟು ವರ್ಷದಿಂದ ಬಿಪಿ ಮಾತ್ರೆ. ಅದನ್ನು ಅರ್ಜಿಯಲ್ಲಿ ಬರೆದಿದ್ದೆ. ಬೇರೇನೂ ಇರಲಿಲ್ಲ. ಅಂದರೆ, ಆ ದಿನ ನಮಗೆ ಗೊತ್ತಿದ್ದದ್ದು ಅಷ್ಟೇ.

ಬುಧವಾರ ಇಸಿಜಿ ಮಾಡಿಸಿದೆವು, ಸರಿಯಿತ್ತು. ಗುರುವಾರ ಟಿಎಂಟಿ. ಓಡುವ ಪಟ್ಟಿಯ ಮೇಲೆ ನಾಲ್ಕನೇ ನಿಮಿಷಕ್ಕೆ ಡಾಕ್ಟರು ನಿಲ್ಲಿಸಿದರು. ಶುಕ್ರವಾರ ರಕ್ತ ಪರೀಕ್ಷೆ ಬಂತು. ಮೂರು ತಿಂಗಳ ಸಕ್ಕರೆ ಅಂದಾಜು 7.4. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ ಅಂತ ಅವತ್ತೇ ಗೊತ್ತಾಗಿದ್ದು. ಭಾನುವಾರ ಯುಗಾದಿ. ಬೆಲ್ಲ ಬಿಟ್ಟು ಬೇವಷ್ಟೇ ಬಾಯಿಗೆ ಹಾಕಿಕೊಂಡರು. ಏಪ್ರಿಲ್ 2ಕ್ಕೆ ಆಂಜಿಯೋಗ್ರಾಂ, ಅದೇ ಟೇಬಲ್ ಮೇಲೆ ಒಂದು ಸ್ಟೆಂಟ್. ಎರಡು ದಿನಕ್ಕೆ ಮನೆಗೆ ಬಂದರು. ಹಾರ್ಟ್ ಅಟ್ಯಾಕ್ ಆಗಿರಲಿಲ್ಲ. ಅದು ನಮ್ಮ ಪುಣ್ಯ.

ಮನೆಗೆ ಬಂದವರ ಮೊದಲ ಪ್ರಶ್ನೆ ಹುಷಾರಾಗಿದ್ದೀರಾ ಅಂತ. ಎರಡನೆಯದು, ‘ಹಾಗಾದ್ರೆ ಜರ್ಮನಿ?’ ಎದುರುಮನೆಯವರು ಪ್ರೀತಿಯಿಂದಲೇ ಅಂದರು: ‘ಮೇಷ್ಟ್ರೇ, ಇನ್ಶೂರೆನ್ಸಿನವರಿಗೆ ಏನೂ ಹೇಳೋಕೆ ಹೋಗ್ಬೇಡಿ. ಪಾಲಿಸಿ ಆಗಿದೆ, ವೀಸಾ ಆಗಿದೆ. ಸುಮ್ನೆ ಯಾಕೆ ಕೆದಕೋದು?’ ಅಪ್ಪನೂ ತಲೆಯಾಡಿಸಿದರು. ನನ್ನ ಮನಸ್ಸೂ ಒಂದು ರಾತ್ರಿ ಅತ್ತ ವಾಲಿತ್ತು, ನಿಜ. ಪಾಲಿಸಿ ತಗೊಂಡಾಗ ನಾವು ಸುಳ್ಳು ಹೇಳಿಲ್ಲ ಅಲ್ವಾ? ಆಮೇಲೆ ಬಂದ ಕಾಯಿಲೆಗೆ ನಾವೇನು ಮಾಡೋಕಾಗತ್ತೆ?

ಮಾರನೇ ದಿನ ಪಾಲಿಸಿಯ ಪುಸ್ತಕ ಪ್ರಿಂಟ್ ತೆಗೆಸಿದೆ. ಮೊಬೈಲಿನಲ್ಲಿ ಇಂಥದ್ದನ್ನು ಓದಬಾರದು, ಕಣ್ಣು ಜಾರಿಹೋಗುತ್ತೆ. 48 ಪುಟ. ಪೆನ್ಸಿಲ್ ಹಿಡಿದು ಎರಡು ಸಂಜೆ ಕೂತೆ. ಅಲ್ಲಿ ಸಿಕ್ಕಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಪ್ರಕರಣ ಪೂರ್ತಿ ನಿಂತಿದ್ದು ಅದರ ಮೇಲೆ.

ಒಂದೇ ಪಾಲಿಸಿ ಅಂತ ನಾವು ಅಂದುಕೊಂಡಿದ್ದರ ಒಳಗೆ ಎರಡು ಬೇರೆ ಬೇರೆ ರಕ್ಷಣೆಗಳಿದ್ದವು. ಒಂದು, ಪ್ರವಾಸ ರದ್ದಾದರೆ ಕೊಡುವ ಹಣ, ತಲಾ 500 ಡಾಲರ್‌ವರೆಗೆ. ಇದು ಪಾಲಿಸಿ ಕೊಟ್ಟ ದಿನದಿಂದಲೇ, ಅಂದರೆ ಫೆಬ್ರವರಿ 14ರಿಂದಲೇ ಶುರು. ಹೊರಡುವ ದಿನಕ್ಕೆ ಮುಗಿಯುತ್ತೆ. ಇನ್ನೊಂದು, ವಿದೇಶದಲ್ಲಿ ಆಸ್ಪತ್ರೆ ಖರ್ಚು. ಇದು ಭಾರತ ಬಿಟ್ಟ ಮೇಲೆ ಶುರು, ಅಂದರೆ ಮೇ 2ಕ್ಕೆ. ‘ಮೊದಲೇ ಇದ್ದ ಕಾಯಿಲೆ’ ಎನ್ನುವುದಕ್ಕೆ ಕೊಟ್ಟ ಅರ್ಥದಲ್ಲಿ ‘ರಕ್ಷಣೆ ಶುರುವಾಗುವ ಮುಂಚೆ’ ಎಂಬ ಮಾತಿತ್ತು. ಪಾಲಿಸಿ ಕೊಳ್ಳುವ ಮುಂಚೆ ಅಲ್ಲ.

ಹಾಗಾಗಿ ಅಪ್ಪನ ಎದೆನೋವು ಒಂದೇ, ಅದು ಶುರುವಾದ ದಿನಾಂಕ ಒಂದೇ, ಆದರೆ ಲೆಕ್ಕ ಎರಡು. ರದ್ದತಿಯ ಹಣಕ್ಕೆ ಅದು ಹೊಸ ಕಾಯಿಲೆ. ಆಸ್ಪತ್ರೆ ಖರ್ಚಿಗೆ ಅದು ಹಳೇ ಕಾಯಿಲೆ. ಮಾರ್ಚ್‌ನಲ್ಲಿ ಬಂದದ್ದು ಫೆಬ್ರವರಿಗೆ ಹೊಸದು, ಮೇಗೆ ಹಳೆಯದು. ಇದು ಅರ್ಥವಾದಾಗ ನನಗೆ ಮೈ ಜುಂ ಅಂದಿತು. ಏನೂ ಹೇಳದೆ ಹೊರಟಿದ್ದರೆ ಅಪ್ಪ ಹೃದಯದ ಮಟ್ಟಿಗೆ ಬಹುಪಾಲು ವಿಮೆ ಇಲ್ಲದೆಯೇ ಮ್ಯೂನಿಕ್ ಸೇರುತ್ತಿದ್ದರು. ಪ್ರಾಣಕ್ಕೇ ಬಂದರೆ ಮಾತ್ರ 1,500 ಡಾಲರ್‌ವರೆಗೆ ಕೊಡುತ್ತೇವೆ ಅಂತ ಒಂದು ಸಾಲು ಇತ್ತು. ಯೂರೋಪಿನ ಹೃದಯ ಚಿಕಿತ್ಸೆಗೆ ಅದು ಯಾವ ಮೂಲೆಗೆ?

ಇನ್ನೊಂದು ಷರತ್ತು 31ನೇ ಪುಟದಲ್ಲಿತ್ತು. ಅರ್ಜಿಯಲ್ಲಿ ಹೇಳಿದ ಆರೋಗ್ಯದಲ್ಲಿ ಮುಖ್ಯ ಬದಲಾವಣೆ ಆದರೆ ಲಿಖಿತವಾಗಿ ತಿಳಿಸಬೇಕು. ವಿಮೆಯಲ್ಲಿ ಮೂಲ ನಿಯಮ ಒಂದಿದೆ: ಕರಾರು ಆಗುವ ಮುಂಚೆ ಗೊತ್ತಿರುವ ಮುಖ್ಯ ಸಂಗತಿ ಎಲ್ಲವನ್ನೂ ಹೇಳಬೇಕು. ಕರಾರು ಆದ ಮೇಲೆ ಬದಲಾದದ್ದನ್ನು ಹೇಳಬೇಕೋ ಬೇಡವೋ ಎನ್ನುವುದನ್ನು ಪಾಲಿಸಿಯ ಷರತ್ತು ನೋಡಿಯೇ ತಿಳಿಯಬೇಕು. ನಮ್ಮದರಲ್ಲಿ ಹೇಳಬೇಕು ಅಂತಿತ್ತು. ಇಂಗ್ಲೆಂಡಿನಲ್ಲಿ ಮಕ್ಕಳ ಮನೆಯಲ್ಲಿದ್ದು ಅಲ್ಲಿಂದ ಸ್ಪೇನ್‌ಗೋ ಇಟಲಿಗೋ ಹೋಗುವ ನಮ್ಮ ಕಡೆಯ ಜನ ಅಲ್ಲಿನ ಪಾಲಿಸಿ ತಗೊಂಡಿದ್ದರೆ ಇದನ್ನು ಇನ್ನೂ ಗಮನಿಸಿ ನೋಡಬೇಕು. ಹೊರಡುವ ಮುಂಚೆ ಹೊಸ ಮಾತ್ರೆ ಬಂದರೂ ತಿಳಿಸಿ ಎನ್ನುವ ಷರತ್ತು ಅಲ್ಲಿ ತುಂಬ ಸಾಮಾನ್ಯ.

ಏಪ್ರಿಲ್ 8ಕ್ಕೆ ಕಾಲ್ ಸೆಂಟರಿಗೆ ಫೋನ್ ಮಾಡಿದೆ. ಆ ಹುಡುಗಿ ಚೆನ್ನಾಗಿಯೇ ಮಾತಾಡಿದಳು. ‘ಪಾಲಿಸಿ ಆಕ್ಟಿವ್ ಇದೆ ಮೇಡಂ, ಏನೂ ತಿಳಿಸಬೇಕಾಗಿಲ್ಲ’ ಅಂದಳು. ‘ಇದನ್ನೇ ಮೇಲ್‌ನಲ್ಲಿ ಕಳಿಸ್ತೀರಾ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಾದಳು. ‘ನೀವೇ ಒಂದು ಮೇಲ್ ಹಾಕಿಬಿಡಿ’ ಅಂದಳು. ಆ ಸುಮ್ಮನಿದ್ದ ಹೊತ್ತಲ್ಲೇ ನನಗೆ ಉತ್ತರ ಸಿಕ್ಕಿತ್ತು. ಅಂದೇ ಮೇಲ್ ಹಾಕಿದೆ. ಡಿಸ್‌ಚಾರ್ಜ್ ಸಮ್ಮರಿ, ಆಂಜಿಯೋಗ್ರಾಂ ವರದಿ, ಹೊಸ ಮಾತ್ರೆಗಳ ಪಟ್ಟಿ ಸೇರಿಸಿದೆ. ಒಂದು ಪ್ರಶ್ನೆ ನೇರವಾಗಿ ಕೇಳಿದೆ: ಮೇ 2ಕ್ಕೆ ಹೊರಟರೆ ಅಪ್ಪನ ಹೃದಯಕ್ಕೆ ಸಂಬಂಧಪಟ್ಟ ಖರ್ಚು ಕೊಡುತ್ತೀರಾ, ಎಷ್ಟು?

ಹನ್ನೊಂದು ದಿನಕ್ಕೆ ಉತ್ತರ ಬಂತು. ಹೃದಯಕ್ಕೆ ಪೂರ್ತಿ ರಕ್ಷಣೆ ಕೊಡಲಾಗದು, ಆ 1,500 ಡಾಲರ್ ಅಷ್ಟೇ. ಬೇಕಾದರೆ ಪಾಲಿಸಿ ರದ್ದು ಮಾಡಿ, ಸ್ವಲ್ಪ ಶುಲ್ಕ ಹಿಡಿದು ಉಳಿದ ಪ್ರೀಮಿಯಂ ವಾಪಸ್ ಕೊಡುತ್ತೇವೆ ಅಂತಿತ್ತು. ಕೆಳಗೆ ಒಪ್ಪಿಗೆಯ ಕೊಂಡಿ.

ಆ ಕೊಂಡಿ ಒತ್ತಲು ನಮ್ಮವರು ಹೊರಟಿದ್ದರು. ನಾನು ತಡೆದೆ. ಪಾಲಿಸಿಯನ್ನೇ ರದ್ದು ಮಾಡಿ ಮೂರು ಚಿಲ್ಲರೆ ಸಾವಿರ ತಗೊಂಡರೆ, ಫೆಬ್ರವರಿ 14ರಿಂದ ಓಡುತ್ತಿದ್ದ ರದ್ದತಿಯ ರಕ್ಷಣೆಯೂ ಅದರ ಜೊತೆಗೇ ಹೋಗುತ್ತಿತ್ತು. ನಮಗೆ ಸಿಗಬೇಕಾದ ಹಣ ಇದ್ದದ್ದೇ ಅಲ್ಲಿ. ಇಡೀ ಪ್ರಕರಣದಲ್ಲಿ ನಾವು ತಪ್ಪು ಮಾಡಲು ತೀರಾ ಹತ್ತಿರ ಬಂದ ಜಾಗ ಇದು. ಕಂಪನಿಯವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಆದರೆ ವಾಪಸಾತಿ ತಗೊಂಡರೆ ಏನು ಕಳೆದುಕೊಳ್ಳುತ್ತೀರಿ ಅನ್ನುವ ಒಂದು ಸಾಲು ಆ ಮೇಲ್‌ನಲ್ಲಿ ಇರಬೇಕಿತ್ತು.

ಡಾಕ್ಟರನ್ನು ಕಂಡೆವು. ‘ವಿಮಾನ ಹತ್ತಬಾರದು ಅಂತೇನಿಲ್ಲ. ಆದರೆ ಸಕ್ಕರೆ ಹಿಡಿತಕ್ಕೆ ಬರಲಿ, ಮಾತ್ರೆ ಒಗ್ಗಲಿ, ಮೂರ್ನಾಲ್ಕು ತಿಂಗಳು ಬಿಟ್ಟು ಹೋಗಿ’ ಅಂದರು. ಅದನ್ನೇ ಚೀಟಿಯಲ್ಲಿ ಬರೆಸಿಕೊಂಡೆ. ವೈದ್ಯರ ಸಲಹೆ ಮೀರಿ ಪ್ರಯಾಣ ಮಾಡಿದರೆ ಹೆಚ್ಚುಕಡಿಮೆ ಎಲ್ಲ ಪ್ರಯಾಣ ವಿಮೆಯೂ ಕೈ ಎತ್ತಿಬಿಡುತ್ತೆ. ಹೀಗಾಗಿ ಆ ಚೀಟಿ ನಮ್ಮನ್ನು ಕಟ್ಟಿಹಾಕಿತು, ಜೊತೆಗೆ ರದ್ದತಿಗೆ ಕಾರಣವನ್ನೂ ಕೊಟ್ಟಿತು. ಐದೂ ಟಿಕೆಟ್ ರದ್ದು ಮಾಡಿದೆವು. ಅಮ್ಮ ಆ ದಿನ ಸೂಟ್‌ಕೇಸಿನಿಂದ ಚಟ್ನಿಪುಡಿ ಡಬ್ಬಗಳನ್ನು ತೆಗೆದು ಮತ್ತೆ ಶೆಲ್ಫಿಗೆ ಇಟ್ಟರು. ಒಂದು ಮಾತೂ ಆಡಲಿಲ್ಲ.

ಅಪ್ಪ ಅಮ್ಮನ ಟಿಕೆಟ್‌ನಲ್ಲಿ ಕಳೆದದ್ದು 46,200 ರೂಪಾಯಿ. ಕ್ಲೇಮ್ ಹಾಕಿದೆ. ಮೊದಲ ಉತ್ತರ: ಬಿಪಿ ಮೊದಲೇ ಇತ್ತು, ಹೃದಯದ ತೊಂದರೆ ಅದರಿಂದಲೇ ಬಂದದ್ದು, ಕೊಡಲಾಗದು. ಇದನ್ನು ನಾವು ನಿರೀಕ್ಷಿಸಿದ್ದೆವು. ಹಿಂದಿನ ನವೆಂಬರ್‌ನಲ್ಲಿ ಅಪ್ಪ ವರ್ಷದ ತಪಾಸಣೆಗೆ ಹೋಗಿದ್ದಾಗಿನ ಇಸಿಜಿ ಸರಿಯಿತ್ತು. ಆ ಕಾಗದ ಅಮ್ಮನ ಬೀರುವಿನಲ್ಲಿ ರೇಷನ್ ಕಾರ್ಡಿನ ಜೊತೆ ಸಿಕ್ಕಿತು. ಡಾಕ್ಟರು ಒಂದು ಪುಟ ಬರೆದುಕೊಟ್ಟರು: ಮಾರ್ಚ್ 23ರ ಮುಂಚೆ ಹೃದಯದ ಯಾವ ಲಕ್ಷಣವೂ ದಾಖಲಾಗಿಲ್ಲ, ಬಿಪಿ ಹಿಡಿತದಲ್ಲಿತ್ತು. ಎರಡನ್ನೂ ಸೇರಿಸಿ ಮತ್ತೆ ಬರೆದೆ. ಜೂನ್ ಕೊನೆಗೆ 41,000 ಚಿಲ್ಲರೆ ಬಂತು. ನಮ್ಮವರ ಟಿಕೆಟ್ಟಿಗೆ ಏನೂ ಬರಲಿಲ್ಲ. ಅವರ ಪಾಲಿಸಿಯ ‘ಹತ್ತಿರದ ಕುಟುಂಬ’ದ ಪಟ್ಟಿಯಲ್ಲಿ ಮಾವ ಇರಲಿಲ್ಲ. ನನಗೂ ಮಗಳಿಗೂ ಬಂತು. ವೀಸಾ ಶುಲ್ಕ, ದೊಡ್ಡವರಿಗೆ ತಲಾ 90 ಯೂರೋ, ಮಗಳಿಗೆ 45, ಹೋದದ್ದು ಹೋಯಿತು. ಮತ್ತೆ ಹೋಗಬೇಕಾದರೆ ಮತ್ತೆ ಕಟ್ಟಬೇಕು.

ಎರಡನೇ ಸಲವೂ ಇಲ್ಲ ಅಂದಿದ್ದರೆ ನಾನು ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರು ವಿಚಾರಿಸುವವರ ಕಚೇರಿಗೆ ಹೋಗುವವಳಿದ್ದೆ. ಕರ್ನಾಟಕದವರಿಗೆ ಅದೇ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು, ಅವರು ನಿರಾಕರಿಸಿರಬೇಕು ಅಥವಾ ಒಂದು ತಿಂಗಳು ಉತ್ತರ ಕೊಡದೆ ಇರಬೇಕು. ಆಮೇಲೆ ವರ್ಷದೊಳಗೆ ಹೋಗಬೇಕು. 50 ಲಕ್ಷದವರೆಗಿನ ಪರಿಹಾರ ಅಲ್ಲಿ ಆಗುತ್ತೆ. ನಮಗೆ ಬೇಕಾಗಲಿಲ್ಲ, ಆದರೆ ಅರ್ಜಿ ತುಂಬಿ ಇಟ್ಟುಕೊಂಡಿದ್ದೆ.

ಈಗ ಸೆಪ್ಟೆಂಬರ್‌ನ ವಿಷಯ. ದಸರಾ ರಜೆಗೆ ಹೋಗೋಣ ಅಂತ ತೀರ್ಮಾನ ಆಯಿತು. ಮೈಸೂರಿನವರು ದಸರಾಗೆ ಊರು ಬಿಡುವುದು ಅಂದರೆ ಅಪ್ಪನಿಗೆ ಸಂಕಟ. ಆದರೆ ಮಗಳಿಗೆ ಆಗಲೇ ರಜೆ, ಡಾಕ್ಟರೂ ಆಗಬಹುದು ಅಂದರು. ಆಗಸ್ಟ್‌ನಲ್ಲಿ ಅಪ್ಪನಿಗೆ ಹೊಸ ಪಾಲಿಸಿ ಹುಡುಕಿದೆ, ಬೇರೆ ಕಂಪನಿಯದು. ಮೊದಲೇ ಇದ್ದ ಕಾಯಿಲೆಗೂ 25,000 ಡಾಲರ್‌ವರೆಗೆ ರಕ್ಷಣೆ. ಇಸಿಜಿ, ರಕ್ತ ಪರೀಕ್ಷೆ ಕೇಳಿದರು. ಪ್ರೀಮಿಯಂ 11,240 ರೂಪಾಯಿ, ಮೊದಲಿನದರ ಮೂರರಷ್ಟು. ಅಪ್ಪ ಮೂಗು ಮುರಿದರು. ನಾನು ಜಗ್ಗಲಿಲ್ಲ.

ಅರ್ಜಿಯನ್ನು ನಾನೇ ತುಂಬಿದೆ. ಬಿಪಿ ಬರೆದೆ. ಸ್ಟೆಂಟ್, ದಿನಾಂಕ, ಆಸ್ಪತ್ರೆ ಬರೆದೆ. ಮುಗಿಯಿತು ಅಂತ ಕಳಿಸಲು ಹೋದಾಗ ಊಟದ ಟೇಬಲ್ ಮೇಲೆ ಅಪ್ಪನ ಮಾತ್ರೆ ಡಬ್ಬ ಕಾಣಿಸಿತು. ವಾರದ ಏಳು ಖಾನೆಯದು, ನೀಲಿ ಬಣ್ಣದ್ದು. ಒಂದು ಖಾನೆ ತೆಗೆದು ಅಂಗೈ ಮೇಲೆ ಸುರಿದುಕೊಂಡೆ. ಐದು ಮಾತ್ರೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಕೊಬ್ಬಿಗೆ ಅಟೋರ್ವಾಸ್ಟ್ಯಾಟಿನ್, ಬಿಪಿಯದು, ಮತ್ತೊಂದು ದಪ್ಪ ಬಿಳಿ ಮಾತ್ರೆ, ಸಕ್ಕರೆಯ ಮೆಟ್‌ಫಾರ್ಮಿನ್. ಸಕ್ಕರೆಯನ್ನು ನಾನು ಬರೆದೇ ಇರಲಿಲ್ಲ. ಸ್ಟೆಂಟ್‌ನ ಗಾಬರಿಯಲ್ಲಿ ಸಕ್ಕರೆ ನಮ್ಮೆಲ್ಲರ ತಲೆಯಿಂದಲೂ ಇಳಿದುಹೋಗಿತ್ತು. ಏಪ್ರಿಲ್‌ನ ಮೇಲ್‌ನಲ್ಲಿ ಮಾತ್ರೆಯ ಹೆಸರಿತ್ತು, ಆದರೆ ಕಾಯಿಲೆಯ ಹೆಸರು ಬರೆದಿರಲಿಲ್ಲ.

ದೊಡ್ಡ ಕಾಯಿಲೆಯನ್ನು ಯಾರೂ ಮರೆಯುವುದಿಲ್ಲ. ಬಿಟ್ಟುಹೋಗುವುದು ಅದರ ಬಾಲ ಹಿಡಿದು ಬಂದ ಚಿಕ್ಕದು. ಆ ದಿನದಿಂದ ನಾನು ಕಾಯಿಲೆಯಿಂದ ಶುರು ಮಾಡುವುದಿಲ್ಲ, ಮಾತ್ರೆ ಡಬ್ಬದಿಂದ ಶುರು ಮಾಡುತ್ತೇನೆ. ಒಂದೊಂದು ಮಾತ್ರೆಯನ್ನೂ ಎತ್ತಿ ‘ಇದು ಯಾಕೆ, ಯಾವಾಗಿನಿಂದ?’ ಅಂತ ಕೇಳಿ ಬರೆಯುವುದು.

ಒಂದು ಮಾತ್ರೆ ಎಷ್ಟು ದೂರ ಎಳೆಯಬಹುದು ಅನ್ನುವುದಕ್ಕೆ ಸುಪ್ರೀಂ ಕೋರ್ಟಿನ ಒಂದು ತೀರ್ಪಿದೆ. 2009ರಲ್ಲಿ ಒಬ್ಬರು ಮದುವೆಗೆಂದು ಅಮೆರಿಕಕ್ಕೆ ಹೊರಟರು. ವಿದೇಶ ಪ್ರಯಾಣದ ಮೆಡಿಕ್ಲೇಮ್ ಪಾಲಿಸಿ ತಗೊಂಡರು. ತಮಗೆ ಸಕ್ಕರೆ ಇದೆ ಅಂತ ಹೇಳಿದ್ದರು, ಪರೀಕ್ಷೆಯೂ ಆಗಿತ್ತು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಬೆವರು, ಸುಸ್ತು. ಆಸ್ಪತ್ರೆಯಲ್ಲಿ ಮೂರು ಸ್ಟೆಂಟ್. ಕಂಪನಿ ಹಣ ಕೊಡಲಿಲ್ಲ. ಅವರು ಸ್ಟ್ಯಾಟಿನ್ ಮಾತ್ರೆ ತಗೊಳ್ಳುತ್ತಿದ್ದರು, ಅಂದರೆ ಕೊಬ್ಬಿನ ತೊಂದರೆ ಇತ್ತು, ಅದನ್ನು ಹೇಳಿಲ್ಲ ಎನ್ನುವುದು ಅದರ ವಾದಗಳಲ್ಲೊಂದು. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲೂ ಅವರು ಸೋತರು. 2021ರ ಡಿಸೆಂಬರ್ 6ರಂದು ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಬರೆದವರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಸಕ್ಕರೆ ಇದ್ದವರಿಗೆ ಸ್ಟ್ಯಾಟಿನ್ ಅನ್ನು ಮುನ್ನೆಚ್ಚರಿಕೆಯಾಗಿ ಕೊಡುವುದುಂಟು. ಕಾಯಿಲೆ ಗೊತ್ತಿದ್ದೂ ಪರೀಕ್ಷಿಸಿ ಪಾಲಿಸಿ ಕೊಟ್ಟ ಕಂಪನಿ ಆಮೇಲೆ ಅದೇ ಕಾಯಿಲೆಯನ್ನು ತೋರಿಸಿ ಹಣ ತಡೆಯುವಂತಿಲ್ಲ ಎನ್ನುವುದು ತೀರ್ಪಿನ ಸಾರ. ನ್ಯಾಯ ಸಿಕ್ಕಿತು. ಆದರೆ ಹನ್ನೆರಡು ವರ್ಷ ಬೇಕಾಯಿತು. ಅವರು ಗೆದ್ದದ್ದು ಸಕ್ಕರೆಯನ್ನು ಮೊದಲೇ ಹೇಳಿದ್ದರಿಂದ. ಅದೇ ಕೋರ್ಟು 2009ರಲ್ಲಿ ಇನ್ನೊಂದು ಮೆಡಿಕ್ಲೇಮ್ ಪ್ರಕರಣದಲ್ಲಿ ಸಕ್ಕರೆ ಮತ್ತು ಮೂತ್ರಪಿಂಡದ ತೊಂದರೆ ಮುಚ್ಚಿಟ್ಟಿದ್ದಕ್ಕೆ ಕಂಪನಿಯ ಪರ ನಿಂತಿತ್ತು.

ಸೆಪ್ಟೆಂಬರ್ 21ಕ್ಕೆ ಮೈಸೂರಿನಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ ಹತ್ತಿದೆವು. ಮ್ಯೂನಿಕ್‌ನಲ್ಲಿ ಅಕ್ಟೋಬರ್‌ಫೆಸ್ಟ್ ಜನ, ಹೋಟೆಲ್ ದರ ಕೇಳುವ ಹಾಗಿರಲಿಲ್ಲ. ತಮ್ಮನ ಮನೆ ಇತ್ತು, ಬಚಾವಾದೆವು. 28ಕ್ಕೆ ಸಾಲ್ಸ್‌ಬರ್ಗ್‌ಗೆ ಹೋದೆವು. ಅಪ್ಪ ಕೋಟೆಗೆ ರೈಲಿನಲ್ಲಿ ಹೋಗಿ, ಇಳಿಯುವಾಗ ನಡೆದೇ ಬಂದರು. ಬೆಟ್ಟದ ಅಭ್ಯಾಸ.

29ರ ಬೆಳಿಗ್ಗೆ ಅವರ ಮೂಗಿನಿಂದ ರಕ್ತ ಶುರುವಾಯಿತು. ಹತ್ತು ನಿಮಿಷ ಮೂಗು ಒತ್ತಿ ಹಿಡಿದರು, ನಿಲ್ಲಲಿಲ್ಲ. ಅರ್ಧ ಗಂಟೆ ಆಯಿತು, ನಿಲ್ಲಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆ ನುಂಗುವವರು, ನಿಲ್ಲುವುದಾದರೂ ಹೇಗೆ? ಬಿಳಿ ಟವೆಲ್ ಕೆಂಪಾಯಿತು. ಮಗಳು ಮೂಲೆಯಲ್ಲಿ ನಿಂತು ಅಳತೊಡಗಿದಳು. ‘ಏನಾಗಿಲ್ಲ ಪುಟ್ಟಿ, ಮೂಗು ಅಷ್ಟೇ’ ಅಂತ ಅಪ್ಪನೇ ಅವಳಿಗೆ ಸಮಾಧಾನ ಹೇಳಿದರು. ಸ್ಟೆಂಟ್ ಹಾಕಿ ಆರು ತಿಂಗಳಾಗಲು ಮೂರು ದಿನ ಬಾಕಿ ಇತ್ತು. ಆರು ತಿಂಗಳ ಮೇಲೆ ಒಂದು ಮಾತ್ರೆ ನಿಲ್ಲಿಸಬಹುದು ಅಂತ ಡಾಕ್ಟರು ಹೇಳಿದ್ದರು.

ಟ್ಯಾಕ್ಸಿಯಲ್ಲಿ ಕೂತೇ ಪಾಲಿಸಿಯ ಸಹಾಯ ನಂಬರಿಗೆ ಫೋನ್ ಮಾಡಿ ಪ್ರಕರಣದ ನಂಬರ್ ಬರೆದುಕೊಂಡೆ. ಆಸ್ಪತ್ರೆಯಲ್ಲಿ ಮೂಗಿನ ಒಳಗೆ ರಕ್ತ ಬರುತ್ತಿದ್ದ ಜಾಗವನ್ನು ಸುಟ್ಟು, ಹತ್ತಿ ತುಂಬಿದರು. ಮೂರು ಗಂಟೆ ಕೂರಿಸಿಕೊಂಡು ಕಳಿಸಿದರು. ‘ಮಾತ್ರೆ ನಿಲ್ಲಿಸಬೇಡಿ, ನಿಮ್ಮ ಹೃದಯದ ಡಾಕ್ಟರನ್ನೇ ಕೇಳಿ’ ಅಂತ ಅಲ್ಲಿಯ ಡಾಕ್ಟರು ಎರಡು ಸಲ ಹೇಳಿದರು. ಬಿಲ್ 386 ಯೂರೋ. ನಾವೇ ಕಟ್ಟಿ, ಪ್ರತಿ ಕಾಗದದ ಫೋಟೋ ತೆಗೆದುಕೊಂಡೆವು.

ಊರಿಗೆ ಬಂದು ಕ್ಲೇಮ್ ಹಾಕಿದ ನಾಲ್ಕನೇ ದಿನ ಕಂಪನಿಯಿಂದ ಮೇಲ್ ಬಂತು. ಅದರಲ್ಲಿ ಇದ್ದದ್ದು ಎರಡೇ ಪ್ರಶ್ನೆ. ರೋಗಿ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರಾ? ಯಾವಾಗಿನಿಂದ? ಮೂಗಿನ ಬಗ್ಗೆ ಒಂದು ಮಾತೂ ಇಲ್ಲ, ನೇರ ಮಾತ್ರೆಗೇ ಬಂದರು. ನಾನು ಆಗಸ್ಟ್‌ನ ಅರ್ಜಿಯ ಪುಟ ಕಳಿಸಿದೆ. ‘ಕ್ಲೋಪಿಡೋಗ್ರೆಲ್, ಏಪ್ರಿಲ್ 2ರಿಂದ’ ಅಂತ ಅಲ್ಲೇ ಇತ್ತು. ಇಪ್ಪತ್ತಮೂರು ದಿನಕ್ಕೆ ಹಣ ಬಂತು, ನಮ್ಮ ಪಾಲಿನ 100 ಡಾಲರ್ ಕಳೆದು.

ಅಕ್ಟೋಬರ್‌ನಲ್ಲಿ ಅಪ್ಪನ ಡಾಕ್ಟರು ಕ್ಲೋಪಿಡೋಗ್ರೆಲ್ ನಿಲ್ಲಿಸಿದರು. ಪಾಸ್‌ಪೋರ್ಟಿನ ಚೀಲದಲ್ಲಿ ಇಟ್ಟಿದ್ದ ಪಟ್ಟಿಯನ್ನು ಅಪ್ಪ ತೆಗೆದು, ಸ್ಕೇಲ್ ಇಟ್ಟು ಆ ಸಾಲಿನ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ ಮೇಷ್ಟ್ರ ಅಕ್ಷರದಲ್ಲಿ ದಿನಾಂಕ ಹಾಕಿದರು.